ಅರಸಾಳು ಹಳೇ ಸ್ಟೇಷನ್: ಮಾಲ್ಗುಡಿಗಿಂತ ಮುಂಚಿನ ಕಥೆ ಯಾರ ಹತ್ತಿರ ಇದೆ?

ಮೀಟರ್‌ಗೇಜ್ ಸಾಗರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ–ತಾಳಗುಪ್ಪ ಲೈನಿನ ಅರಸಾಳು ಹಳೇ ಸ್ಟೇಷನ್ ಬಗ್ಗೆ ಒಂದು ಚರ್ಚೆ ಶುರು ಮಾಡಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿತ್ತು.

ಹೊಸನಗರ ತಾಲ್ಲೂಕಿನ ಅರಸಾಳು ಅಂದರೆ ಈಗ ಎಲ್ಲರ ಬಾಯಲ್ಲೂ ಮಾಲ್ಗುಡಿ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡುವಾಗ ಈ ಸ್ಟೇಷನ್ನನ್ನೇ ಮಾಲ್ಗುಡಿ ಸ್ಟೇಷನ್ ಮಾಡಿ ತೋರಿಸಿದರು. ಅದು ದೂರದರ್ಶನದಲ್ಲಿ ಬಂದಿದ್ದು 1986ರಲ್ಲಿ. ಆಮೇಲೆ ಲೈನು ಬ್ರಾಡ್‌ಗೇಜ್ (ಅಗಲದ ಹಳಿ) ಆಯಿತು, ಹೊಸ ಕಟ್ಟಡ ಬಂತು, ಹಂಚಿನ ಹಳೇ ಕಟ್ಟಡ ಪಾಳು ಬಿತ್ತು. 2020ರಲ್ಲಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದವರು ಅದನ್ನು ರಿಪೇರಿ ಮಾಡಿಸಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಈ ಕೆಲಸದಲ್ಲೂ ಇದ್ದರು. ಕಟ್ಟಡ ಉಳಿಯಿತು. ಅದು ನನಗೆ ನಿಜವಾಗಿಯೂ ದೊಡ್ಡ ಸಂತೋಷ.

ಆದರೆ ಅಲ್ಲಿಗೆ ಹೋದವರಿಗೆ ಅರಸಾಳಿನ ಕಥೆ ಎಲ್ಲಿ ಸಿಗುತ್ತದೆ? ಶೂಟಿಂಗ್ ನಡೆದಿದ್ದು ಸ್ವಲ್ಪ ಕಾಲ. ಸ್ಟೇಷನ್ ದುಡಿದಿದ್ದು ಅರ್ಧ ಶತಮಾನಕ್ಕೂ ಜಾಸ್ತಿ. ಟಿಕೆಟ್ ಕೊಟ್ಟವರು, ಗಾಡಿಯ ಹಳಿ ಬದಲಿಸುವ ಪಾಯಿಂಟ್ ತಿರುಗಿಸಿದವರು, ಮಳೆಗಾಲದಲ್ಲಿ ಹಳಿ ಕಾದವರು, ಮೂಟೆ ಹೊತ್ತವರು, ಇವರ ಬಗ್ಗೆ ಒಂದು ಗೋಡೆಯಾದರೂ ಬೇಡವಾ?

ನನಗೆ ತಿಳಿದಷ್ಟು ಹೇಳುತ್ತೇನೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ. ಅಲ್ಲಿಂದ ಮುಂದೆ ಹೋಗಲು ಬಹಳ ವರ್ಷ ಹಿಡಿಯಿತು. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ರೈಲ್ವೆಯವರು ಲೈನನ್ನು ತುಂಡು ತುಂಡಾಗಿ ಮುಂದಕ್ಕೆ ಒಯ್ದರು. ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಜೋಗದ ನೀರಿನಿಂದ ಕರೆಂಟ್ ತೆಗೆಯುವ ಕೆಲಸ ಶುರುವಾಗಿದ್ದೂ ಅದೇ ಕಾಲಕ್ಕೆ. 1951ರಲ್ಲಿ ಮೈಸೂರು ರೈಲ್ವೆ ದಕ್ಷಿಣ ರೈಲ್ವೆಗೆ ಸೇರಿತು. 2003ರಲ್ಲಿ ನೈಋತ್ಯ ರೈಲ್ವೆ ಆಯಿತು. ಇಷ್ಟು ಎಲ್ಲ ಕಡೆ ಸಿಗುತ್ತದೆ. ಇದರೊಳಗಿನ ಜನರ ಕಥೆ ಬೇಕು. ಗೊತ್ತಿರುವವರು ದಯವಿಟ್ಟು ಬರೆಯಿರಿ.

ಕುಂಸಿ ಕಡೆಯವ

ಒಳ್ಳೆ ಕೆಲಸ ಮಾಡಿದಿರಿ ಅಣ್ಣ. ನಮ್ಮ ಕುಂಸಿಯನ್ನು ಮರೆಯಬೇಡಿ. ಈ ಲೈನ್ ಬರುವ ಎಷ್ಟೋ ವರ್ಷ ಮೊದಲೇ ಕುಂಸಿ ಸುತ್ತ ಮ್ಯಾಂಗನೀಸ್ ಅದಿರು ತೆಗೆಯುತ್ತಿದ್ದರು. ಜನ ಈ ರೈಲನ್ನು ಬರೀ ಜೋಗಕ್ಕೆ ಅಂತ ಅಂದುಕೊಂಡಿದ್ದಾರೆ. ಅದಿರು, ನಾಟಾ, ಬಿದಿರು, ಭತ್ತ, ಅಡಿಕೆ ಎಲ್ಲದರ ಲೆಕ್ಕ ಹಾಕಿಯೇ ಲೈನ್ ಎಳೆಯುತ್ತಿದ್ದ ಕಾಲ ಅದು. ಕೆಳಗೆ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣದ ಕಾರ್ಖಾನೆ ಇತ್ತು, ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಒಂದಕ್ಕೆ ಸೌದೆ ಬೇಕು, ಇನ್ನೊಂದಕ್ಕೆ ಬಿದಿರು ಬೇಕು. ಮಲೆನಾಡಿನ ಕಾಡು ಕೆಳಕ್ಕೆ ಇಳಿದಿದ್ದು ಹೀಗೇ. ಆ ಮಾತೂ ಇತಿಹಾಸದಲ್ಲಿ ಇರಬೇಕು, ಅದು ಸಿಹಿಯಾಗಿಲ್ಲದಿದ್ದರೂ.

ಬಾಲ್ ಟೋಕನ್

ಈ ಚರ್ಚೆ ನೋಡಿ ನನ್ನ ಮೊಮ್ಮಗಳು ಫೋನ್ ಕೈಗೆ ಕೊಟ್ಟಳು. ನಾನು ಮೈಸೂರು ವಿಭಾಗದ ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಹಳಿ) ಲೈನುಗಳಲ್ಲಿ ಎ.ಎಸ್.ಎಂ., ಅಂದರೆ ಸಹಾಯಕ ಸ್ಟೇಷನ್ ಮಾಸ್ಟರ್ ಆಗಿ ಕೆಲಸ ಮಾಡಿದವನು. ರಜೆ ಹೋದವರ ಬದಲಿಗೆ ಹೋಗುವ ಡ್ಯೂಟಿ ಇರುತ್ತಿತ್ತು. ಹಾಗೆ ಅರಸಾಳಿನಲ್ಲೂ ಇದ್ದೆ. ನೆನಪಿರುವುದನ್ನು ಬರೆಸುತ್ತಿದ್ದೇನೆ.

ಸ್ಟೇಷನ್ ಅಂದರೆ ಒಂದು ಆಫೀಸು, ಅದಕ್ಕೊಂದು ಟಿಕೆಟ್ ಕಿಂಡಿ, ಮುಂದೆ ಜನ ಕೂರುವ ಹಜಾರ, ಮೇಲೆ ಹಂಚು. ಸುತ್ತ ಕಾಡು. ರಾತ್ರಿ ಡ್ಯೂಟಿಯಲ್ಲಿ ಸಿಗ್ನಲ್ ದೀಪಕ್ಕೆ ಸೀಮೆಎಣ್ಣೆ ಹಾಕುವುದೇ ಒಂದು ದೊಡ್ಡ ಕೆಲಸ. ಸಂಜೆ ಆಗುವ ಮೊದಲೇ ನಮ್ಮ ಪಾಯಿಂಟ್ಸ್‌ಮನ್ ದೀಪ ಒರೆಸಿ, ಬತ್ತಿ ಕತ್ತರಿಸಿ, ಕೈಮರ (ತೋಳಿನ ಸಿಗ್ನಲ್ ಕಂಬ) ಹತ್ತಿ ಇಟ್ಟು ಬರುತ್ತಿದ್ದ. ಆಷಾಢದ ಮಳೆಯಲ್ಲಿ ಕಬ್ಬಿಣದ ಏಣಿ ಹತ್ತುವುದು ಸುಲಭ ಅಲ್ಲ. ಜಿಗಣೆ ಬೇರೆ.

ನಮ್ಮದು ಒಂಟಿ ಹಳಿ. ಎದುರುಬದುರು ಎರಡು ಗಾಡಿ ಒಂದೇ ಹಳಿಗೆ ಬರಬಾರದು, ಅದೇ ನಮ್ಮ ಇಡೀ ಉದ್ಯೋಗದ ತಿರುಳು. ಅದಕ್ಕೆ ಟೋಕನ್ ಯಂತ್ರ ಇತ್ತು. ಪಕ್ಕದ ಸ್ಟೇಷನ್ನಿಗೆ ಗಂಟೆ ಹೊಡೆದು, ಫೋನಿನಲ್ಲಿ ಮಾತಾಡಿ, ಅವರು ಲೈನ್ ಕ್ಲಿಯರ್ (ಹಳಿ ಖಾಲಿ ಇದೆ, ಗಾಡಿ ಬಿಡಿ ಅನ್ನುವ ಒಪ್ಪಿಗೆ) ಕೊಟ್ಟ ಮೇಲೆ ಹಿಡಿ ತಿರುಗಿಸಿದರೆ ಒಳಗಿಂದ ಒಂದು ಕಬ್ಬಿಣದ ಗುಂಡು ಹೊರಗೆ ಬೀಳುತ್ತದೆ. ಅದನ್ನು ಚರ್ಮದ ಚೀಲಕ್ಕೆ ಹಾಕಿ, ಬೆತ್ತದ ದೊಡ್ಡ ಬಳೆಗೆ ಕಟ್ಟಿ ಡ್ರೈವರ್‌ಗೆ ಕೊಡುವುದು. ಗುಂಡು ಕೈಯಲ್ಲಿಲ್ಲದೆ ಡ್ರೈವರ್ ಗಾಡಿ ಬಿಡುವ ಹಾಗಿಲ್ಲ. ಅವನು ಮುಂದಿನ ಸ್ಟೇಷನ್ನಿಗೆ ಹೋಗಿ ಆ ಗುಂಡನ್ನು ಅಲ್ಲಿನ ಯಂತ್ರಕ್ಕೆ ಹಾಕುವವರೆಗೆ ಎರಡೂ ಕಡೆ ಇನ್ನೊಂದು ಗುಂಡು ಹೊರಗೆ ಬರುವುದಿಲ್ಲ. ಯಂತ್ರಕ್ಕೆ ಮುಖದಾಕ್ಷಿಣ್ಯ ಇಲ್ಲ. ಇಡೀ ವಿಭಾಗದ ಮುಖ್ಯಸ್ಥರಾದ ಡಿ.ಆರ್.ಎಂ. ಸಾಹೇಬರೇ ಬಂದು ನಿಂತರೂ ಇಲ್ಲ.

ನಿಲ್ಲದೆ ಹೋಗುವ ಗಾಡಿ ಇದ್ದರೆ ಪ್ಲಾಟ್‌ಫಾರ್ಮ್ ಮೇಲೆ ಬಳೆ ಎತ್ತಿ ಹಿಡಿದು ನಿಲ್ಲಬೇಕು. ಫೈರ್‌ಮನ್ ಇಂಜಿನ್ನಿಂದ ಬಗ್ಗಿ, ತೋಳು ತೂರಿಸಿ ಎಳೆದುಕೊಳ್ಳುತ್ತಾನೆ. ಹಳೆಯದನ್ನು ಎಸೆದು ಹೋಗುತ್ತಾನೆ. ರಾತ್ರಿ ಅದು ಎಲ್ಲೋ ಪೊದೆಗೆ ಬಿದ್ದರೆ ಲಾಟೀನು ಹಿಡಿದು ಹುಡುಕಬೇಕು. ಸಿಗದಿದ್ದರೆ ಲೈನ್ ನಿಂತ ಹಾಗೆಯೇ.

ಮ್ಯೂಸಿಯಂ ಮಾಡುವವರಿಗೆ ನನ್ನದೊಂದು ಬೇಡಿಕೆ. ಆ ಟೋಕನ್ ಯಂತ್ರ ಒಂದನ್ನು ಅಲ್ಲಿ ಇಡಿ, ಕೆಲಸ ಮಾಡುವ ಸ್ಥಿತಿಯಲ್ಲಿ. ಮಕ್ಕಳು ಹಿಡಿ ತಿರುಗಿಸಲಿ, ಗಂಟೆ ಹೊಡೆಯಲಿ. ರೈಲು ಅಂದರೆ ಏನು ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಕುಂಸಿ ಕಡೆಯವ

ಸರ್, ಓದಿ ಮೈ ಜುಂ ಅಂತು. ಟಿಕೆಟ್ ಬಗ್ಗೆಯೂ ಹೇಳಿ. ನಮ್ಮ ತಂದೆ ಗಟ್ಟಿ ರಟ್ಟಿನ ಸಣ್ಣ ಟಿಕೆಟ್ ಒಂದನ್ನು ಪರ್ಸಿನಲ್ಲೇ ಇಟ್ಟುಕೊಂಡಿದ್ದರು.

ಬಾಲ್ ಟೋಕನ್

ಹೌದು ಮಗಾ, ಅದೇ. ಒಂದೊಂದು ಊರಿಗೂ ಬೇರೆ ಬೇರೆ ಕಟ್ಟು ಅಚ್ಚಾಗಿ ಬರುತ್ತಿತ್ತು, ಮೇಲೆ ಸರಣಿ ನಂಬರ್. ಮರದ ಕಪಾಟಿನ ಗೂಡುಗಳಲ್ಲಿ ಜೋಡಿಸಿ ಇಡುತ್ತಿದ್ದೆವು. ಕೆಳಗಿನಿಂದ ಒಂದೊಂದೇ ಎಳೆದು, ತಾರೀಖು ಒತ್ತುವ ಯಂತ್ರದಲ್ಲಿ ಟಕ್ ಅಂತ ಒತ್ತಿ ಕೊಡುವುದು. ಪ್ರತಿ ಗಾಡಿ ಹೋದ ಮೇಲೆ ಯಾವ ಕಟ್ಟಿನಲ್ಲಿ ಯಾವ ನಂಬರಿಗೆ ನಿಂತಿತು ಅಂತ ಪುಸ್ತಕಕ್ಕೆ ಬರೆಯಬೇಕು. ಎಷ್ಟು ಟಿಕೆಟ್ ಹೋಯಿತು, ಎಷ್ಟು ದುಡ್ಡು ಬಂತು ಅನ್ನುವುದು ಅದರಿಂದಲೇ. ಒಂದು ರೂಪಾಯಿ ಕಡಿಮೆ ಬಿದ್ದರೆ ನಮ್ಮ ಜೇಬಿನಿಂದ ಹಾಕಬೇಕು.

ಆ ಪುಸ್ತಕಗಳು ಈಗ ಸಿಕ್ಕಿದರೆ ಅರಸಾಳಿನಿಂದ ಯಾವ ಊರಿಗೆ ಜನ ಜಾಸ್ತಿ ಹೋಗುತ್ತಿದ್ದರು ಅಂತ ಅಂಗೈಯಲ್ಲಿ ನೋಡಬಹುದಿತ್ತು. ಹಳೇ ಲೆಕ್ಕದ ಪುಸ್ತಕಗಳನ್ನು ಇಂತಿಷ್ಟು ವರ್ಷ ಆದ ಮೇಲೆ ನಾಶ ಮಾಡುವುದು ಎಲ್ಲ ಇಲಾಖೆಯ ಪದ್ಧತಿ.

ರಿಪ್ಪನ್‌ಪೇಟೆ ಹುಡುಗಿ

ಹುಡುಗಿ ಅಂತ ಹೆಸರು ಇಟ್ಟುಕೊಂಡಿದ್ದೇನೆ, ಈಗ ನನಗೇ ಮೊಮ್ಮಕ್ಕಳು ಇದ್ದಾರೆ.

ನಮಗೆ ರೈಲು ಅಂದರೆ ಅರಸಾಳೇ. ರಿಪ್ಪನ್‌ಪೇಟೆಗೆ ಹತ್ತಿರದ ಸ್ಟೇಷನ್ ಅದು. ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ಬಸ್ಸಿಗಿಂತ ರೈಲಿನ ಚಾರ್ಜು ಕಡಿಮೆ. ಪಾಸ್ ಮಾಡಿಸಿದರೆ ಇನ್ನೂ ಕಡಿಮೆ. ಹೆಣ್ಣುಮಕ್ಕಳನ್ನು ಓದಿಸುವುದಕ್ಕೆ ಯೋಚನೆ ಮಾಡುತ್ತಿದ್ದ ಕಾಲದಲ್ಲಿ ಆ ವ್ಯತ್ಯಾಸ ಸಣ್ಣದಲ್ಲ. ನಮ್ಮ ಅಪ್ಪಯ್ಯ ದುಡ್ಡಿನ ಲೆಕ್ಕ ಹಾಕಿಯೇ ಒಪ್ಪಿದ್ದು. ನಾನು, ನನ್ನ ತಂಗಿ, ಪಕ್ಕದ ಮನೆಯ ಇಬ್ಬರು, ಎಲ್ಲ ಆ ಗಾಡಿಯಿಂದಲೇ ಡಿಗ್ರಿ ಮುಗಿಸಿದವರು. ಸ್ಟೇಷನ್ ಮಾಸ್ಟರ್ ನಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಒಬ್ಬಳು ಓಡುತ್ತಾ ಬರುತ್ತಿದ್ದರೆ ಹಸಿರು ಬಾವುಟ ಒಂದು ಕ್ಷಣ ತಡವಾಗಿ ಏಳುತ್ತಿತ್ತು.

ಗಾಡಿ ನಿಧಾನವೇ. ಗೂಡ್ಸ್ ಡಬ್ಬಿಯನ್ನೂ ಸೇರಿಸಿಕೊಂಡು ಬರುತ್ತಿತ್ತು. ಅದನ್ನು ಬಿಚ್ಚಿ, ಬದಿಯ ಹಳಿಗೆ ತಳ್ಳಿ, ಮತ್ತೆ ಜೋಡಿಸುವಷ್ಟರಲ್ಲಿ ನಾವು ನೋಟ್ಸ್ ಬರೆದು ಮುಗಿಸುತ್ತಿದ್ದೆವು. ಯಾರಿಗೂ ಬೇಜಾರಿರಲಿಲ್ಲ.

ಮ್ಯೂಸಿಯಂ ನೋಡಿದೆ. ಚೆನ್ನಾಗಿದೆ. ಧಾರಾವಾಹಿಯ ಹುಡುಗರ ಬೊಂಬೆ, ಚಿತ್ರ ಎಲ್ಲ ಇದೆ. ಸ್ಟೇಷನ್ ಮಾಸ್ಟರ್ ಹೆಸರುಗಳ ಒಂದು ಹಲಗೆ ಇದ್ದಿದ್ದರೆ ನಾನು ಮೊದಲು ಅದನ್ನೇ ಓದುತ್ತಿದ್ದೆ.

ಮೀಟರ್‌ಗೇಜ್ ಸಾಗರ

ಅಕ್ಕ, ಇದಕ್ಕೇ ನಾನು ಕಾಯುತ್ತಿದ್ದೆ. ಶಾಲೆಗಳಲ್ಲಿ ಹೆಡ್‌ಮಾಸ್ಟರ್ ಹೆಸರಿನ ಹಲಗೆ ಇರುತ್ತದಲ್ಲ, ಅಂಥದ್ದೇ ಒಂದು ಅರಸಾಳಿನಲ್ಲಿ ಬೇಕು.

ಬೆಂಗಳೂರು ಪ್ರವಾಸಿ

ನಾನು ಆ ಕಡೆಯವನಲ್ಲ. ಜೋಗಕ್ಕೆ ಹೋಗುವಾಗ ದಾರಿಯಲ್ಲಿ ಇಳಿದು ನೋಡಿದವನು. ಒಂದು ಮಾತು ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಮಾಲ್ಗುಡಿ ಅನ್ನುವ ಹೆಸರು ಇಲ್ಲದೇ ಹೋಗಿದ್ದರೆ ಆ ಕಟ್ಟಡ ಇರುತ್ತಲೇ ಇರಲಿಲ್ಲ. ಈ ರಾಜ್ಯದಲ್ಲಿ ಎಷ್ಟು ಮೀಟರ್‌ಗೇಜ್ ಸ್ಟೇಷನ್ ಬಿದ್ದು ಹೋದವು? ಯಾರಾದರೂ ಕೇಳಿದರಾ? ಜನ ಬರುವುದು ಧಾರಾವಾಹಿಗಾಗಿ. ಹಳೇ ಬೋಗಿಯಲ್ಲಿ ಚಹಾ ಕುಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಜನ ಇರುವುದರಿಂದಲೇ ಕಟ್ಟಡಕ್ಕೆ ಸುಣ್ಣಬಣ್ಣ ಆಗುತ್ತದೆ. ಟೋಕನ್, ಟಿಕೆಟ್ ಪುಸ್ತಕ ಅಂತ ಹಾಕಿದರೆ ನಾಲ್ಕು ಜನ ರೈಲು ಆಸಕ್ತರು ಬಿಟ್ಟರೆ ಯಾರು ನೋಡುತ್ತಾರೆ?

ಮೀಟರ್‌ಗೇಜ್ ಸಾಗರ

ನಿಮ್ಮ ಮೊದಲ ಮಾತು ಪೂರ್ತಿ ಒಪ್ಪುತ್ತೇನೆ. ಧಾರಾವಾಹಿಯೇ ಆ ಗೋಡೆಗಳನ್ನು ಉಳಿಸಿತು. ಅದಕ್ಕೆ ನಮ್ಮ ಜಿಲ್ಲೆ ಶಂಕರ್ ನಾಗ್ ಅವರಿಗೆ ಋಣಿ.

ಎರಡನೆಯದು ಒಪ್ಪುವುದಿಲ್ಲ. ಚಿಕ್ಕಬಳ್ಳಾಪುರ ಲೈನಿನ ನಂದಿ ಹಾಲ್ಟ್ ನೋಡಿ. ಅದು ನ್ಯಾರೋಗೇಜ್ ಕಾಲದ ಸ್ಟೇಷನ್. ಆ ಲೈನು ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಬಂದಿದ್ದು 1915ರ ಸುಮಾರಿಗೆ, ಎರಡೂವರೆ ಅಡಿ ಅಗಲದ ಹಳಿ. ಅಲ್ಲಿ ಯಾವ ಧಾರಾವಾಹಿಯ ಹೆಸರೂ ಇಲ್ಲ. ಹಳೇ ಕಟ್ಟಡ, ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯವರು ಆ ಕಲ್ಲಿನ ಕಟ್ಟಡವನ್ನು ಅದರ ಸ್ವಂತ ಇತಿಹಾಸಕ್ಕಾಗಿಯೇ ಸರಿ ಮಾಡಿಸಿದರು. ದೇವನಹಳ್ಳಿ ಸ್ಟೇಷನ್ ಕೂಡ ಅದೇ ಯೋಜನೆಯಲ್ಲಿತ್ತು. ಜನ ಹೋಗಿ ನೋಡುತ್ತಿದ್ದಾರೆ.

ಇನ್ನೊಂದು ಕಡೆ ತರೀಕೆರೆ–ನರಸಿಂಹರಾಜಪುರ ನೆನೆಯಿರಿ. ಬರೀ ಎರಡು ಅಡಿ ಅಗಲದ ಹಳಿ ಮೇಲೆ ಕಾಡಿನೊಳಗೆ ಓಡಿದ ರೈಲು. ಇವತ್ತು ಅಲ್ಲಿನ ಹುಡುಗರಿಗೆ ನಮ್ಮೂರಿಗೆ ರೈಲು ಇತ್ತು ಅಂದರೆ ನಂಬುವುದಿಲ್ಲ. ಕಥೆ ಬರೆದಿಡದೇ ಹೋದರೆ ಆಗುವುದು ಅದು.

ಅರಸಾಳಿನ ಅದೃಷ್ಟ ಏನೆಂದರೆ ಕಟ್ಟಡ ಇದೆ, ಜನ ಬರುತ್ತಿದ್ದಾರೆ, ಕೆಲಸ ಮಾಡಿದವರು ಇನ್ನೂ ಬದುಕಿದ್ದಾರೆ. ಮೂರೂ ಒಟ್ಟಿಗೆ ಸಿಗುವುದು ಅಪರೂಪ. ಹತ್ತು ವರ್ಷ ಬಿಟ್ಟು ಕೇಳೋಣ ಅಂದರೆ ಮೂರನೆಯದು ಇರುವುದಿಲ್ಲ.

ರಿಪ್ಪನ್‌ಪೇಟೆ ಹುಡುಗಿ

ಸ್ಟೇಷನ್ ಹೆಸರನ್ನೇ ಮಾಲ್ಗುಡಿ ಅಂತ ಬದಲಿಸುವ ಮಾತು ಒಮ್ಮೆ ಬಂದಿತ್ತು. ಅದು ಮಾತ್ರ ಬೇಡ. ಮ್ಯೂಸಿಯಂಗೆ ಆ ಹೆಸರು ಇರಲಿ, ಬೋರ್ಡಿನ ಮೇಲೆ ಅರಸಾಳು ಇರಲಿ.

ಮುಳುಗಡೆ ಮನೆ

ನಮ್ಮದು ಶರಾವತಿ ಮುಳುಗಡೆ ಕುಟುಂಬ. ನಮ್ಮ ಅಜ್ಜನ ಮನೆ, ಗದ್ದೆ, ತೋಟ ಎಲ್ಲ ಲಿಂಗನಮಕ್ಕಿ ನೀರಿನ ಕೆಳಗೆ. ಅಣೆಕಟ್ಟು ಮುಗಿದಿದ್ದು 1964ರಲ್ಲಿ. ನಮ್ಮವರನ್ನು ಲಾರಿಯಲ್ಲಿ ತುಂಬಿಕೊಂಡು ಬಂದು ಶಿವಮೊಗ್ಗ ಕಡೆಯ ಕಾಡಿನಲ್ಲಿ ಇಳಿಸಿದರು. ಆ ಜಾಗದ ಹಕ್ಕುಪತ್ರದ ಗಲಾಟೆ ಇನ್ನೂ ಮುಗಿದಿಲ್ಲ.

ಈ ಲೈನಿಗೂ ಆ ಕಥೆಗೂ ಸಂಬಂಧ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಜೋಗಕ್ಕೆ ಹತ್ತಿರದ ರೈಲು ಅಂದರೆ ತಾಳಗುಪ್ಪ. ಅಲ್ಲಿಂದ ಮುಂದೆ ರಸ್ತೆಯೇ ಗತಿ. ಮೊದಲು ಬಂದಿದ್ದು ಹಿರೇಭಾಸ್ಕರ ಅಣೆಕಟ್ಟು ಮತ್ತು ಜೋಗದ ಮೊದಲ ವಿದ್ಯುತ್ ಕೇಂದ್ರ. 1948ರಲ್ಲಿ ಕರೆಂಟ್ ಹರಿಯಿತು, ಆಮೇಲೆ ಆ ಕೇಂದ್ರಕ್ಕೆ ಮಹಾತ್ಮ ಗಾಂಧಿ ಹೆಸರು ಬಂತು. ನಂತರ ಅದಕ್ಕಿಂತ ಎಷ್ಟೋ ದೊಡ್ಡ ಲಿಂಗನಮಕ್ಕಿ. ಅದರ ನೀರಿನಲ್ಲಿ ಹಿರೇಭಾಸ್ಕರವೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಆ ಹಳೇ ಅಣೆಕಟ್ಟು ಈಗಲೂ ಕಾಣುತ್ತದೆ.

ನಮ್ಮ ಅಜ್ಜಿ ಹೇಳುತ್ತಿದ್ದರು. ರೈಲು ಬಂದ ಹೊಸದರಲ್ಲಿ ಊರವರಿಗೆಲ್ಲ ಖುಷಿ. ಅಡಿಕೆ ಮಾರಲು ಶಿವಮೊಗ್ಗಕ್ಕೆ ಹೋಗಬಹುದು, ನೆಂಟರ ಮನೆಗೆ ಹೋಗಬಹುದು ಅಂತ. ನಮ್ಮ ಮನೆ ಮುಳುಗಿಸುವ ಕೆಲಸಕ್ಕೆ ಸಾಮಾನು ತರುವ ದಾರಿಯೂ ಇದೇ ಆಗುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು? ಅಜ್ಜಿ ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಆದರೆ ಆಮೇಲೆ ಅವರು ರೈಲು ಹತ್ತಲಿಲ್ಲ.

ಮ್ಯೂಸಿಯಂ ಗೋಡೆಯ ಮೇಲೆ ಇದೂ ಇರಲಿ. ರಾಜ್ಯಕ್ಕೆ ಬೆಳಕು ಬಂದ ದಾರಿ ಇದು, ನಮ್ಮವರು ಕೊಟ್ಟ ಬೆಲೆಯೂ ಇದೇ ದಾರಿಯಲ್ಲಿದೆ.

ಕಾಗದಪತ್ರ

ಮುಳುಗಡೆ ಮನೆಯವರೇ, ನಿಮ್ಮ ಅಜ್ಜಿಯ ಮಾತನ್ನು ಆಡಿಯೋ ಆಗಿ ಯಾರಾದರೂ ಹಿಡಿದಿಟ್ಟಿದ್ದರೆ ದಯವಿಟ್ಟು ಜೋಪಾನ ಮಾಡಿ. ಸರ್ಕಾರಿ ಕಡತದಲ್ಲಿ ಎಷ್ಟು ಟನ್, ಎಷ್ಟು ಎಕರೆ ಅಂತ ಸಿಗುತ್ತದೆ. ಇದು ಸಿಗುವುದಿಲ್ಲ.

ಹಳೇ ಸಮಾಜವಾದಿ

ಈ ಲೈನಿನ ಇನ್ನೊಂದು ದೊಡ್ಡ ಘಟನೆ ಯಾರೂ ಹೇಳಲಿಲ್ಲವಲ್ಲ. ಸಾಗರ ತಾಲ್ಲೂಕಿನಲ್ಲಿ ನಡೆದ 1951ರ ಕಾಗೋಡು ಸತ್ಯಾಗ್ರಹ. ಗೇಣಿದಾರರಾಗಿದ್ದ ದೀವರ ಸಮುದಾಯದವರು ಭೂಮಾಲೀಕರು ಭತ್ತ ಅಳೆಯುತ್ತಿದ್ದ ಕೊಳಗದ (ಅಳತೆಯ ಪಾತ್ರೆ) ವಿರುದ್ಧ ಎದ್ದು ನಿಂತ ಹೋರಾಟ. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಆ ವರ್ಷ ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬೆಂಬಲಕ್ಕೆ ಬಂದರು. ಅವರನ್ನು ಬಂಧಿಸಿದ್ದು ಸಾಗರದ ರೈಲು ನಿಲ್ದಾಣದಲ್ಲೇ. ಉಳುವವನೇ ಹೊಲದೊಡೆಯ ಅನ್ನುವ ಮಾತು ಈ ರಾಜ್ಯದಲ್ಲಿ ಕಾನೂನಾಗುವವರೆಗೆ ಬಂದಿತು ಅಂದರೆ ಅದರ ಬೇರು ಅಲ್ಲಿದೆ. ಸಾಗರದ ನಿಲ್ದಾಣಕ್ಕೆ ಲೋಹಿಯಾ ಹೆಸರು ಇಡಬೇಕು ಅಂತ ನಮ್ಮವರು ಕೇಳುತ್ತಲೇ ಇದ್ದಾರೆ.

ಅರಸಾಳಿನ ವಿಷಯ ಬಿಟ್ಟು ಬೇರೆ ಕಡೆ ಹೋಗಿಲ್ಲ. ಸಾಗರಕ್ಕೆ ಹೋಗುವ ಗಾಡಿ ಎಲ್ಲವೂ ಅರಸಾಳು ದಾಟಿಯೇ ಹೋಗಬೇಕು.

ಬಾಲ್ ಟೋಕನ್

ನಮ್ಮ ಹಿರಿಯ ಸಿಬ್ಬಂದಿ ಆ ದಿನಗಳ ಮಾತು ಆಡುತ್ತಿದ್ದರು. ಸತ್ಯಾಗ್ರಹಿಗಳನ್ನು ಕರೆದುಕೊಂಡು ಹೋಗುವುದನ್ನು ನೋಡಲು ಸ್ಟೇಷನ್ನಿನಲ್ಲಿ ಜನ ನಿಂತಿರುತ್ತಿದ್ದರಂತೆ.

ಹಳಿ ಇಂಜಿನಿಯರ್

ಗೇಜ್ ಬದಲಾದರೆ ಹಳೇ ಕಟ್ಟಡ ಯಾಕೆ ಉಪಯೋಗಕ್ಕೆ ಬರುವುದಿಲ್ಲ ಅಂತ ಬಹಳ ಜನ ಕೇಳುತ್ತಾರೆ. ಬೇರೆ ಲೈನುಗಳಲ್ಲಿ ಈ ಕೆಲಸ ಮಾಡಿದ್ದೇನೆ, ಆದ್ದರಿಂದ ಹೇಳುತ್ತೇನೆ.

ಮೀಟರ್‌ಗೇಜ್ ಅಂದರೆ ಎರಡು ಹಳಿಗಳ ನಡುವೆ 1000 ಮಿ.ಮೀ. ಬ್ರಾಡ್‌ಗೇಜ್ ಅಂದರೆ 1676. ಬರೀ ಒಂದು ಹಳಿ ಪಕ್ಕಕ್ಕೆ ಸರಿಸಿದರೆ ಮುಗಿಯುವುದಿಲ್ಲ. ಬೋಗಿ ಅಗಲ, ಎತ್ತರ, ಭಾರ ಎಲ್ಲ ಜಾಸ್ತಿ. ಕೆಳಗೆ ಜಲ್ಲಿ ದಪ್ಪ ಬೇಕು, ಅದರಿಂದ ಹಳಿಯೇ ಮೇಲೆ ಏಳುತ್ತದೆ. ಹಳೇ ಪ್ಲಾಟ್‌ಫಾರ್ಮ್ ತಗ್ಗಾಗುತ್ತದೆ. ಅದನ್ನು ಎತ್ತರಿಸಿದರೆ ಕಟ್ಟಡದ ಬಾಗಿಲು ಕೆಳಗೆ ಉಳಿಯುತ್ತದೆ, ಮಳೆ ನೀರು ಒಳಗೆ ಬರುತ್ತದೆ. ಉದ್ದದ ರೈಲಿಗೆ ಉದ್ದದ ಪ್ಲಾಟ್‌ಫಾರ್ಮ್ ಬೇಕು, ತಿರುವುಗಳನ್ನು ಸಡಿಲ ಮಾಡಬೇಕು. ಇಷ್ಟೆಲ್ಲ ಆದ ಮೇಲೆ ಹೊಸ ಸಿಗ್ನಲ್ ಉಪಕರಣ ಇಡಲು ಹಳೇ ಕೋಣೆ ಸಾಲುವುದಿಲ್ಲ. ಹಾಗಾಗಿ ಬೇರೆ ಕಟ್ಟಡ ಕಟ್ಟುವುದೇ ಸುಲಭ ಅಂತ ಆಗುತ್ತದೆ. ಹಳೇದನ್ನು ಬೀಳಿಸಲು ಪ್ರತ್ಯೇಕ ದುಡ್ಡು ಬೇಕಾದ್ದರಿಂದ ಬಹಳ ಕಡೆ ಅದು ಸುಮ್ನೆ ನಿಂತಿರುತ್ತದೆ. ಹಂಚು ಒಂದು ಜಾರಿದರೆ ಮಲೆನಾಡಿನ ಮಳೆಗೆ ಜಂತಿ ಕೊಳೆಯಲು ಜಾಸ್ತಿ ವರ್ಷ ಬೇಡ.

ಅರಸಾಳಿನಲ್ಲಿ ಗೋಡೆ ಗಟ್ಟಿ ಇದ್ದಾಗಲೇ ಕೈ ಹಾಕಿದ್ದು ಒಳ್ಳೆಯದಾಯಿತು.

ರೈಲ್‌ಬಸ್ ಹುಡುಗ

ನಮ್ಮ ತಲೆಮಾರಿನ ಕಥೆ ನಾನು ಹೇಳುತ್ತೇನೆ. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜ್ ಅನ್ನುವ ಯೋಜನೆ ಬಂತು. ಆಗ ರೈಲ್ವೆ ಮಂತ್ರಿ ನಮ್ಮ ಚಳ್ಳಕೆರೆಯ ಸಿ.ಕೆ. ಜಾಫರ್ ಷರೀಫ್. ಬೆಂಗಳೂರು–ಹುಬ್ಬಳ್ಳಿ ಬ್ರಾಡ್‌ಗೇಜ್ ಆಯಿತು, ಆಮೇಲೆ ಬೀರೂರು–ಶಿವಮೊಗ್ಗ ಆಯಿತು. ಶಿವಮೊಗ್ಗಕ್ಕೆ ಅದು ನಿಜವಾಗಿಯೂ ಒಳ್ಳೆಯದಾಯಿತು. ಆದರೆ ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ನಮ್ಮ ತುಂಡು ಮಾತ್ರ ಮೀಟರ್‌ಗೇಜ್ ಆಗಿ ಉಳಿಯಿತು. ಹಿಂದೆ ಮುಂದೆ ಸಂಬಂಧವಿಲ್ಲದ ತುಂಡು. ಗೂಡ್ಸ್ ಬರಬೇಕೆಂದರೆ ಶಿವಮೊಗ್ಗದಲ್ಲಿ ಇಳಿಸಿ ಮತ್ತೆ ಹೇರಬೇಕು. ಯಾರು ಮಾಡುತ್ತಾರೆ? ಎಲ್ಲ ಲಾರಿಗೆ ಹೋಯಿತು.

ಕೊನೆಗೆ ಉಳಿದಿದ್ದು ರೈಲ್‌ಬಸ್. ಹಳಿ ಮೇಲೆ ಓಡುವ ಬಸ್ಸು ಅಷ್ಟೇ, ಡೀಸೆಲ್ ಇಂಜಿನ್, ಒಂದೇ ಡಬ್ಬಿ. ಒಂದೇ ಗಾಡಿ ಓಡುವ ಲೈನಿಗೆ ಟೋಕನ್ ಬೇಡ, ಕೈಮರ ಬೇಡ. ಮೇಲಿನ ಸರ್ ಹೇಳಿದ ಆ ಗಂಟೆ, ಗುಂಡು, ಸೀಮೆಎಣ್ಣೆ ದೀಪ ಎಲ್ಲ ನಾನು ನೋಡುವ ಹೊತ್ತಿಗೆ ಇರಲೇ ಇಲ್ಲ. ಅರಸಾಳಿನ ಪ್ಲಾಟ್‌ಫಾರ್ಮ್ ಮೇಲೆ ಹುಲ್ಲು ಬೆಳೆದಿತ್ತು. ಆದರೂ ನನಗೆ ಆ ಬಸ್ಸು ಪ್ರಾಣ. ಕಿಟಕಿಗೆ ಕೊಂಬೆ ತಾಗುತ್ತಿತ್ತು. ಡ್ರೈವರ್ ಪಕ್ಕ ನಿಂತು ಎದುರಿನ ಹಳಿ ನೋಡುತ್ತಾ ಹೋಗಬಹುದಿತ್ತು. ಸಂತೆಯ ದಿನ ಕೋಳಿ, ಬುಟ್ಟಿ, ಬಾಳೆಗೊನೆ ಎಲ್ಲ ಒಳಗೆ.

2007ರ ಸುಮಾರಿಗೆ ಗೇಜ್ ಕೆಲಸಕ್ಕೆ ಅದೂ ನಿಂತಿತು. 2011ರ ಹೊತ್ತಿಗೆ ಬ್ರಾಡ್‌ಗೇಜ್ ತಾಳಗುಪ್ಪ ಮುಟ್ಟಿತು. ಈಗ ರಾತ್ರಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. ಅದನ್ನು ಬೇಡ ಅನ್ನುವವರು ಯಾರೂ ಇಲ್ಲ. ಸಣ್ಣ ಊರಿನವರ ಸಂಕಟ ಬೇರೆ. ದೊಡ್ಡ ರೈಲು ಬಂತು, ಅದು ನಮ್ಮಲ್ಲಿ ನಿಲ್ಲುವುದಕ್ಕೆ ಮನವಿ ಕೊಡುತ್ತಾ ಓಡಾಡಬೇಕಾಯಿತು. ಅರಸಾಳು, ಕುಂಸಿ ಎರಡೂ ಕಡೆಯವರು ಎಷ್ಟು ಸಲ ಅರ್ಜಿ ಹಿಡಿದು ನಿಂತರು ಅಂತ ಊರಲ್ಲಿ ಕೇಳಿ ನೋಡಿ.

ಕುಂಸಿ ಕಡೆಯವ

ಸತ್ಯ. ರೈಲ್‌ಬಸ್ ಕೈ ತೋರಿಸಿದರೂ ನಿಲ್ಲುವಷ್ಟು ಹತ್ತಿರದ್ದು ಅನ್ನಿಸುತ್ತಿತ್ತು.

ಬೆಂಗಳೂರು ಪ್ರವಾಸಿ

ಇಷ್ಟು ಓದಿದ ಮೇಲೆ ಒಂದು ಮಾತು. ನಾನು ಅಲ್ಲಿ ಹೋದಾಗ ಇದರಲ್ಲಿ ಒಂದು ಸಾಲಾದರೂ ಗೋಡೆ ಮೇಲೆ ಇದ್ದಿದ್ದರೆ ಇನ್ನೂ ಅರ್ಧ ಗಂಟೆ ಜಾಸ್ತಿ ನಿಲ್ಲುತ್ತಿದ್ದೆ. ಮುಳುಗಡೆ ಕುಟುಂಬದ ಕಥೆ, ಕಾಲೇಜು ಹುಡುಗಿಯರ ಕಥೆ, ಟೋಕನ್ ಯಂತ್ರ, ಇವನ್ನು ಧಾರಾವಾಹಿಯ ಪಕ್ಕದಲ್ಲೇ ಇಡಬಹುದು. ಒಂದನ್ನು ತೆಗೆದು ಇನ್ನೊಂದು ಹಾಕಬೇಕಾಗಿಲ್ಲ. ವಿನ್ಯಾಸದ ಕೆಲಸ ನನಗೆ ಬರುತ್ತದೆ, ದುಡ್ಡು ಬೇಡ, ಮಾಡಿಕೊಡುತ್ತೇನೆ.

ದೋಹಾ ಹೊಸನಗರ

ಇಲ್ಲಿ ಕತಾರಿನಲ್ಲಿ ಕೂತು ಓದುತ್ತಿದ್ದೇನೆ. ನಮ್ಮ ಮಾವ ಆ ಲೈನಿನಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಅವರ ಬಗ್ಗೆ ಯಾರೂ ಬರೆಯುವುದಿಲ್ಲ ಅಂತ ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ರಾತ್ರಿ ಹಳಿ ಮೇಲೆ ನಡೆದುಕೊಂಡು ಹೋಗುವುದು, ಮರ ಬಿದ್ದಿದೆಯಾ, ಮಣ್ಣು ಜರಿದಿದೆಯಾ, ಮೋರಿ ಕೆಳಗೆ ನೀರು ಕೊರೆದಿದೆಯಾ ಅಂತ ನೋಡುವುದು. ಕೈಯಲ್ಲಿ ದೀಪ, ಚೀಲದಲ್ಲಿ ಪಟಾಕಿ. ಅಪಾಯ ಕಂಡರೆ ಹಳಿ ಮೇಲೆ ಆ ಪಟಾಕಿ ಕಟ್ಟಿ ಬರಬೇಕು, ಇಂಜಿನ್ ಚಕ್ರ ಹತ್ತಿದರೆ ಸಿಡಿಯುತ್ತದೆ, ಡ್ರೈವರ್ ನಿಲ್ಲಿಸುತ್ತಾನೆ. ಪಕ್ಕದ ಗ್ಯಾಂಗಿನವನ ಗಡಿಯವರೆಗೆ ನಡೆದು, ಅವನ ಜೊತೆ ಪುಸ್ತಕ ಬದಲಿಸಿಕೊಂಡು ವಾಪಸ್ ಬರುತ್ತಿದ್ದರಂತೆ. ಮಾವ ಹೋಗಿ ಬಹಳ ವರ್ಷವಾಯಿತು. ಅವರ ದೀಪ ಅತ್ತೆಯ ಮನೆಯಲ್ಲಿ ಇನ್ನೂ ಇದೆ. ಮ್ಯೂಸಿಯಂಗೆ ಕೊಡಬಹುದಾ? ಯಾರ ಹತ್ತಿರ ಕೇಳಬೇಕು?

ಕಾಗದಪತ್ರ

ದೋಹಾದವರೇ, ಕೊಡುವ ಮೊದಲು ಮೂರು ಕೆಲಸ ಮಾಡಿ. ದೀಪದ ಫೋಟೊ ಎಲ್ಲ ಕಡೆಯಿಂದ ತೆಗೆಯಿರಿ, ಅದರ ಮೇಲೆ ಅಚ್ಚು ಅಕ್ಷರ ಇದ್ದರೆ ಬರೆದುಕೊಳ್ಳಿ. ಯಾರದು, ಯಾವ ಗ್ಯಾಂಗ್, ಎಷ್ಟನೇ ಇಸವಿ ಅಂತ ಅತ್ತೆಯ ಬಾಯಿಂದ ಕೇಳಿ ಒಂದು ಹಾಳೆಗೆ ಬರೆಸಿ. ಕೊಡುವಾಗ ಬರವಣಿಗೆಯಲ್ಲಿ ಕೊಡಿ, ಪಡೆದ ರಶೀದಿ ತೆಗೆದುಕೊಳ್ಳಿ. ಮೈಸೂರು ವಿಭಾಗದ ಕಚೇರಿಗೆ ಪತ್ರ ಬರೆಯಬಹುದು. ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ, ಹಳೇ ವಸ್ತು ನೋಡಿಕೊಳ್ಳುವ ಅನುಭವ ಅವರಿಗಿದೆ. ಆದರೆ ಅರಸಾಳಿನ ದೀಪ ಅರಸಾಳಿನಲ್ಲೇ ಇರಬೇಕು ಅಂತ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ.

ದಾಖಲೆ ಹುಡುಕುವವರಿಗೆ: ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ರೈಲ್ವೆಗೆ ಬೇರೆಯೇ ಭಾಗ ಇರುತ್ತದೆ. ಯಾವ ವರ್ಷ ಎಷ್ಟು ಮೈಲಿ ತೆರೆದರು, ಎಷ್ಟು ಖರ್ಚು ಅಂತ ಅದರಲ್ಲಿ ಸಿಗುತ್ತದೆ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ನೋಡಬಹುದು. 1930ರ ದಶಕದ ಸಂಪುಟಗಳಿಂದ ಶುರು ಮಾಡಿ.

ಮೀಟರ್‌ಗೇಜ್ ಸಾಗರ

ಆ ಸಂಪುಟಗಳನ್ನು ನೋಡುವ ಕೆಲಸ ನಾನು ತೆಗೆದುಕೊಳ್ಳುತ್ತೇನೆ. ರಿಪ್ಪನ್‌ಪೇಟೆ ಅಕ್ಕ, ನಿಮಗೆ ನೆನಪಿರುವ ಸ್ಟೇಷನ್ ಮಾಸ್ಟರ್‌ಗಳ ಹೆಸರು ನನಗೆ ಖಾಸಗಿಯಾಗಿ ಕಳಿಸಿ. ಅವರ ಮನೆಯವರ ಒಪ್ಪಿಗೆ ಇಲ್ಲದೆ ಇಲ್ಲಿ ಹಾಕುವುದು ಬೇಡ. ಪ್ರವಾಸಿ ಅಣ್ಣ, ಕೈಗೆ ಒಂದಷ್ಟು ಬಂದ ಮೇಲೆ ನಿಮಗೇ ಒಪ್ಪಿಸುತ್ತೇನೆ.

ಟೋಕನ್ ಸರ್, ಆ ಕಾಲದ ಟೈಮ್‌ಟೇಬಲ್ ಏನಾದರೂ ನಿಮ್ಮ ಹತ್ತಿರ ಇದೆಯಾ? ಸಾರ್ವಜನಿಕರಿಗೆ ಕೊಡುವ ಪುಸ್ತಕ ಅಲ್ಲ, ಸಿಬ್ಬಂದಿಗೆ ಕೊಡುವುದು. ಯಾವ ಗಾಡಿ ಎದುರಿನ ಗಾಡಿಗೆ ಎಲ್ಲಿ ದಾರಿ ಬಿಡಬೇಕು, ಅಂದರೆ ಎಲ್ಲಿ ಕ್ರಾಸಿಂಗ್ ಅಂತ ಅದರಲ್ಲಿ ಇರುತ್ತದಲ್ಲ.

ಬಾಲ್ ಟೋಕನ್

ವರ್ಕಿಂಗ್ ಟೈಮ್‌ಟೇಬಲ್ ಒಂದು ಇದೆ. ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಅಂಚು ಗೆದ್ದಲು ತಿಂದಿದೆ, ತಾಳಗುಪ್ಪ ಲೈನಿನ ಪುಟ ಚೆನ್ನಾಗಿದೆ. ಅರಸಾಳಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ನೀರು ಹಿಡಿಯಬೇಕು, ಯಾವ ತಿರುವಿನಲ್ಲಿ ವೇಗ ಇಳಿಸಬೇಕು ಎಲ್ಲ ಅದರಲ್ಲಿದೆ. ಪಕ್ಕದಲ್ಲಿ ನನ್ನ ಪೆನ್ಸಿಲ್ ಗುರುತೂ ಇವೆ, ಅದನ್ನು ಅಳಿಸಬೇಡಿ.

ಮೂಲ ಪ್ರತಿ ಸದ್ಯ ನನ್ನ ಹತ್ತಿರವೇ ಇರಲಿ. ನೀವು ಮನೆಗೆ ಬಂದು ಫೋಟೊ ತೆಗೆದುಕೊಳ್ಳಿ. ಹಗಲು ಹೊತ್ತಿಗೆ ಬನ್ನಿ, ನಮ್ಮ ಮನೆಯಲ್ಲಿ ಜಗಲಿಯ ಬೆಳಕು ಚೆನ್ನಾಗಿರುತ್ತದೆ. ರೈಲ್‌ಬಸ್ ಹುಡುಗನನ್ನೂ ಕರೆದುಕೊಂಡು ಬನ್ನಿ. ಊಟ ನಮ್ಮಲ್ಲೇ.